ಬ್ಯಾಡಗಿಯ ಹಾಡಿನ ಅಕ್ಕೋರು

ಟೇಪ್ ರೆಕಾರ್ಡರಿಗೆ ಕೆನ್ನೆ ಒತ್ತಿ ಕೇಳುವ ಅಭ್ಯಾಸದಿಂದ ಅಕ್ಕೋರ ಬಲಗೆನ್ನೆಯ ಮೇಲೆ ಅದರ ಜಾಳಿಗೆಯ ಗುರುತು ಮೂಡಿರುತ್ತಿತ್ತು. ಬ್ಯಾಡಗಿಯ ಕನ್ನಡ ಶಾಲೆಯಲ್ಲಿ ನನಗೆ ಹಾಡು ಕಲಿಸಿದವರು ಅವರು. ಎಂಬತ್ತರ ದಶಕದ ಕೊನೆಗೆ ನಾವು ನಾಲ್ಕಾರು ಮಂದಿ ಅವರ ಬೆನ್ನು ಹತ್ತಿ ಹಾಡಿನ ಸಂಘ ಕಟ್ಟಿದೆವು. ಸ್ವಂತ ಬಾನುಲಿ ಕೇಂದ್ರ ತೆರೆಯಲು ಆಗ ನಮ್ಮಂಥವರಿಗೆ ಪರವಾನಗಿ ಸಿಗುತ್ತಿರಲಿಲ್ಲ. ಪೇಟೆಯ ಕಂಬಗಳಿಗೆ ಮೈಕು ಕಟ್ಟಿ, ದಿನಾ ಬೆಳಿಗ್ಗೆ ಸುತ್ತಲಿನ ಹಳ್ಳಿಯವರ ಹಾಡು ಕ್ಯಾಸೆಟ್ಟಿಗೆ ತುಂಬಿಸಿ ಹಾಕುತ್ತಿದ್ದೆವು. ಅದೇ ಕ್ಯಾಸೆಟ್ಟು ಬಸ್ ಕಂಡಕ್ಟರನ ಕೈಯಲ್ಲಿ ಹಾವೇರಿಗೆ, ಅಲ್ಲಿಂದ ರಾಣೇಬೆನ್ನೂರಿಗೆ ಹೋಗುತ್ತಿತ್ತು. ಅಲ್ಲಿಯೂ ನಮ್ಮಂಥ ಹುಚ್ಚರಿದ್ದರು. ಜನ ಇದನ್ನು ರೇಡಿಯೋ ಎಂದೇ ಕರೆದರು.

ಕ್ಯಾಸೆಟ್ಟಿನ ಬೆನ್ನಿನ ಪುಟ್ಟ ಚಕ್ಕೆ ಮುರಿದರೆ ಅದರ ಮೇಲೆ ಮತ್ತೇನೂ ತುಂಬಲು ಬರುವುದಿಲ್ಲ. ಅಕ್ಕೋರು ಮುರಿಯಗೊಡುತ್ತಿರಲಿಲ್ಲ. "ಹಾಡಿದಾಕಿಗೆ ಮನಸ್ಸಿಗೆ ಬರಲಿಲ್ಲಂದ್ರ ಮತ್ತ ಬಂದು ಹಾಡ್ತಾಳ. ಹಾಡು ಆಕಿದು, ನಮ್ಮದಲ್ಲ," ಎನ್ನುತ್ತಿದ್ದರು. ಮೆಣಸಿನಕಾಯಿ ಘಾಟಿಗೆ ಕೆಮ್ಮಿ ಹಾಡು ಕೆಟ್ಟವರು ಮುಂದಿನ ಸಂತೆಗೆ ಬಂದು ಹೊಸದಾಗಿ ಹಾಡಿ ಹೋಗುತ್ತಿದ್ದರು.

ಆ ದೊಡ್ಡತನವೇ ಮುಳುವಾಯಿತು. ಸಂಘಕ್ಕೆ ಹೆಸರು ಬರುತ್ತಿದ್ದಂತೆ ಒಬ್ಬ ಅಧ್ಯಕ್ಷ ವಕ್ಕರಿಸಿದ. ಹಾಡಿಗೂ ಅವನಿಗೂ ಎಣ್ಣೆ ಸೀಗೆಕಾಯಿ. ಅಕ್ಕೋರು ಜ್ವರದಿಂದ ಮಲಗಿದ್ದಾಗ ತನ್ನ ಸನ್ಮಾನದ ಭಾಷಣಗಳನ್ನೆಲ್ಲ ಚಕ್ಕೆ ಮುರಿಯದ ಆ ಹಾಡಿನ ಕ್ಯಾಸೆಟ್ಟುಗಳ ಮೇಲೆಯೇ ತುಂಬಿಸಿಬಿಟ್ಟ. ಹೊಸ ಕ್ಯಾಸೆಟ್ಟು ಕೊಳ್ಳಲು ಏನು ಧಾಡಿಯಾಗಿತ್ತು ಆ ದರಿದ್ರನಿಗೆ?

ತೀರಿಕೊಂಡ ತಾಯಿಯ ಬೀಸುಕಲ್ಲಿನ ಹಾಡು ಕೇಳಲು ಮೇಡ್ಲೇರಿಯಿಂದ ಒಬ್ಬ ಹೆಂಗಸು ಬಂದಳು. ಕ್ಯಾಸೆಟ್ಟು ಹಾಕಿದರೆ ಅಧ್ಯಕ್ಷ ಸಭಿಕರಿಗೆ ನಮಸ್ಕಾರ ಹೇಳತೊಡಗಿದ.

"ನಮ್ಮವ್ವ ಎಲ್ಲದಾಳ್ರಿ ಅಕ್ಕೋರ?" ಎಂದಳು ಆಕೆ.

ಅಕ್ಕೋರು ಎರಡೂ ಬದಿ ಕೊನೆಯವರೆಗೆ ಕೇಳಿದರು. ಅವ್ವ ಇರಲಿಲ್ಲ. ಎದ್ದು ನೆಟ್ಟಗೆ ಅಧ್ಯಕ್ಷನ ಅಂಗಡಿಗೆ ನಡೆದರು.

"ಸತ್ತಾಕಿನ್ನ ಇನ್ನೊಮ್ಮೆ ಹೆಂಗ ಹಾಡಸ್ತೀಯಪ್ಪಾ?"

"ಒಂದು ಹಾಡಿಗೆ ಇಷ್ಟ್ಯಾಕ ಸಿಟ್ಟಾಗ್ತೀರಿ? ಬ್ಯಾರೆ ಯಾರ ಕಡಿಂದರ ಹಾಡಸ್ರಿ," ಎಂದ ಅವನು, ತಲೆ ಎತ್ತದೆ.

ನೆನೆದರೆ ಇಂದಿಗೂ ಮೈ ಉರಿಯುತ್ತದೆ. ಅಕ್ಕೋರು ಮತ್ತೆ ಸಂಘದ ಕಡೆ ಸುಳಿಯಲಿಲ್ಲ. ಕೆಲವೇ ವರ್ಷಗಳಲ್ಲಿ ತೀರಿಕೊಂಡರು.

ಶ್ರದ್ಧಾಂಜಲಿ ಸಭೆ ಕರೆದವನೂ ಅವನೇ. "ನಮ್ಮ ಹಳ್ಳಿಗಳ ದನಿ ಉಳಿಸಿದ ಮಹಾತಾಯಿ" ಎಂದು ಶುರು ಹಚ್ಚಿದ. ನಾನು ಎದ್ದು ಹೋಗಿ ಮೈಕಿನ ವೈರು ಕಿತ್ತೆ.

"ಕರೆಂಟ್ ಹೋತೇನ್ರಿ?" ಎಂದರು ಹಿಂದಿನಿಂದ ಯಾರೋ.

"ಇಲ್ರಿ. ನಾನ ಕಿತ್ತೇನಿ. ಆ ದನಿ ಅಳಿಸಿದಾಂವ ಇವನ. ಅಕ್ಕೋರ ಹೆಸರು ಇವನ ಬಾಯಾಗ ಬ್ಯಾಡ."