ಹೊಗಳಿಕೆ ಯಾರಿಗೆ ಬೇಕಿತ್ತು

ಲಿಫ್ಟ್ ಮೇಸ್ತ್ರಿ ಯಾಕೆ ಸದಾ ಸಿಡಿಮಿಡಿ ಎನ್ನುತ್ತಾನೆಂದು ಯಾರಾದರೂ ಕೇಳಿದರೆ ಅವನ ಹೆಂಡತಿ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದಳು: "ಅವರ ಕೆಲಸಕ್ಕೆ ಥ್ಯಾಂಕ್ಸ್ ಹೇಳೋರಿಲ್ಲ, ಅದಕ್ಕೇ."

ಮಾತು ಸುಳ್ಳಲ್ಲ. ಲಿಫ್ಟ್ ರಿಪೇರಿ ಮಾಡುತ್ತಲೇ ಅವನ ಕೂದಲು ನರೆತಿತ್ತು. ಊರಿನ ಯಾವ ಕಟ್ಟಡದಲ್ಲಿ ಯಾರು ಎರಡು ಮಹಡಿಗಳ ನಡುವೆ ಸಿಕ್ಕಿಬಿದ್ದರೂ ಫೋನು ಬರುವುದು ಅವನಿಗೇ. ಅರ್ಧ ಊಟಕ್ಕೇ ಎದ್ದು ಓಡಬೇಕು. ತಾರಸಿಯ ಮೇಲಿನ ಮೋಟಾರು ಕೋಣೆಗೆ ಏದುಸಿರು ಬಿಡುತ್ತಾ ಹತ್ತಿ, ಮೊಣಕೈವರೆಗೂ ಗ್ರೀಸು ಮೆತ್ತಿಕೊಂಡು, ಚಕ್ರವನ್ನು ಕೈಯಲ್ಲಿ ತಿರುಗಿಸಿ, ಲಿಫ್ಟನ್ನು ಇಷ್ಟಿಷ್ಟೇ ಇಳಿಸಿ, ಬಾಗಿಲು ತೆರೆದರೆ ಒಳಗಿದ್ದವರು ಹೊರಗೆ ಕಾಲಿಟ್ಟವರೇ ಮುಖ ಮೇಲೆತ್ತಿ, "ದೇವರೇ, ನೀನು ದೊಡ್ಡವನು!" ಎನ್ನುತ್ತಿದ್ದರು. ಸ್ಪ್ಯಾನರ್ ಹಿಡಿದ ಮೇಸ್ತ್ರಿ ಅಲ್ಲೇ ಪಕ್ಕದಲ್ಲಿ ಕಂಬದ ಹಾಗೆ ನಿಂತಿರುತ್ತಿದ್ದ. ಒಬ್ಬ ವಕೀಲರಂತೂ ದೇವರನ್ನು ಬಾಯ್ತುಂಬ ಹೊಗಳಿ ಮುಗಿಸಿ, ಇವನತ್ತ ತಿರುಗಿ, "ಬರೋಕೆ ಇಷ್ಟೊತ್ತಾ?" ಎಂದು ರೇಗಿದ್ದರು.

"ಕೆಲಸ ನನ್ನದು, ಹೆಸರು ಅವನದು," ಎಂದು ಮನೆಗೆ ಬಂದು ಬೂಟು ಬಿಚ್ಚುತ್ತಾ ಅವನು ಶುರುಮಾಡುತ್ತಿದ್ದ. "ಆಗ್ಲಿ, ಅವನೇ ತಗೊಳ್ಲಿ. ಆದ್ರೆ ಭೂಮಿ ಆಕಾಶ ಎಲ್ಲಾ ಮಾಡಿದವನು, ಏನು ಬೇಕಾದ್ರೂ ಮಾಡಬಲ್ಲವನು ಅಂತೀರಿ. ಅಂಥವನಿಗೆ ಬೆಳಗಾದ್ರೆ ನಮ್ಮಂಥೋರು 'ನೀನು ದೊಡ್ಡವನು, ನೀನು ದೊಡ್ಡವನು' ಅಂತ ಹೇಳ್ತಾ ಇರ್ಬೇಕಾ? ಅವನಿಗೆ ಗೊತ್ತಿಲ್ವಾ ತಾನು ದೊಡ್ಡವನು ಅಂತ?"

ಕೇಳುತ್ತಿದ್ದುದು ಹೆಂಡತಿಯನ್ನಾದರೂ ಪ್ರಶ್ನೆ ಹೋಗಿ ಮುಟ್ಟಬೇಕಾಗಿದ್ದು ಒಳಕೋಣೆಯಲ್ಲಿದ್ದ ಅತ್ತೆಯ ಕಿವಿಗೆ.

ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ದುಡಿದು ನಿವೃತ್ತರಾದವರು. ಹಳೆಯ ಕಾಲದ ಟ್ರಂಕ್ ಕಾಲಿನಲ್ಲಿ ಕೂಗಿ ಕೂಗಿ ಪಳಗಿದ ಗಂಟಲು. ಮಗಳ ಮನೆಗೆ ಬಂದು ನೆಲೆಸಿದ ಮೇಲೂ ಅದು ತಗ್ಗಲಿಲ್ಲ. ಬೆಳಕು ಹರಿಯುವ ಮೊದಲೇ ಪ್ರಾರ್ಥನೆಗೆ ಕೂತರೆ, ಲೈನು ಸರಿಯಿಲ್ಲದ ಊರಿಗೆ ಮಾತಾಡುವ ಹಾಗೆ ದೇವರನ್ನು ಹೊಗಳುತ್ತಿದ್ದರು. ಮೇಸ್ತ್ರಿ ದಿಂಬನ್ನು ಕಿವಿಗೆ ಒತ್ತಿಕೊಂಡು ಹೊರಳಾಡುತ್ತಿದ್ದ. ವಾರಕ್ಕೊಮ್ಮೆ ಹಿಂದಿನ ಬೀದಿಯ ಪ್ರಾರ್ಥನಾ ಮಂದಿರಕ್ಕೂ ಹೋಗಿ ಬರುತ್ತಿದ್ದರು. ಅಲ್ಲಿಯ ಹಿರಿಯರು ಹೇಳಿದ್ದೇ ಅತ್ತೆಗೆ ಕೊನೆಯ ಮಾತು. "ಹೊಗಳದ ಬಾಯಿಗೆ ಬಾಗಿಲು ತೆರೆಯದು" ಅನ್ನುವುದು ಆ ಹಿರಿಯರ ನೆಚ್ಚಿನ ವಾಕ್ಯ. ಅಳಿಯ ಗೊಣಗಿದಾಗಲೆಲ್ಲ ಅತ್ತೆ ಒಳಗಿನಿಂದಲೇ ಅದನ್ನು ಹೇಳಿ ಸುಮ್ಮನಾಗುತ್ತಿದ್ದರು. ಅವನ ಮಾತು ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ.

ಒಂದು ಮಧ್ಯಾಹ್ನ ಅತ್ತೆ ಹೊಸ ಹಲ್ಲಿನ ಸೆಟ್ಟು ಹಾಕಿಸಿಕೊಳ್ಳಲು ದಂತವೈದ್ಯರಲ್ಲಿಗೆ ಒಬ್ಬರೇ ಹೋದರು. ಕ್ಲಿನಿಕ್ಕು ಇದ್ದುದು ಐದನೇ ಮಹಡಿಯಲ್ಲಿ. ಅವರು ಹಲ್ಲು ಹಾಕಿಸಿಕೊಂಡು ಇಳಿಯುವ ಹೊತ್ತಿಗೆ ಮೇಸ್ತ್ರಿಯ ಫೋನು ಬಡಿದುಕೊಂಡಿತು. ಆ ಕಟ್ಟಡದ ವಾಚ್‌ಮನ್.

"ಯಾರೋ ಅಜ್ಜಿ ಲಿಫ್ಟಲ್ಲಿ ಸಿಕ್ಕಾಕೊಂಡಿದಾರೆ ಸಾರ್. ಭಾರಿ ಜೋರಾಗಿ ಪ್ರಾರ್ಥನೆ ಮಾಡ್ತಿದಾರೆ."

ಎಷ್ಟು ಜೋರು ಎಂದು ಕೇಳಬೇಕಾಗಿರಲಿಲ್ಲ. ಫೋನಿನಲ್ಲೇ ಕೇಳಿಸುತ್ತಿತ್ತು.

ಮೇಸ್ತ್ರಿ ಎದ್ದೆನೋ ಬಿದ್ದೆನೋ ಎಂದು ಓಡಿದ. ಲಿಫ್ಟು ಮೂರು ಮತ್ತು ನಾಲ್ಕನೇ ಮಹಡಿಗಳ ನಡುವೆ ನಿಂತಿತ್ತು. ಮೇಲಿನ ಮೋಟಾರು ಕೋಣೆಗೆ ಬೀಗ. ಬೀಗದ ಕೈ ಮಾಲೀಕರ ಮನೆಯಲ್ಲಿ. "ಈಗ ತರ್ತೀನಿ ಸಾರ್," ಎಂದು ವಾಚ್‌ಮನ್ ಸೈಕಲ್ ಹತ್ತಿದ. ಕೋಣೆ ತೆರೆಯುವವರೆಗೆ ಮಾಡಲು ಬೇರೇನೂ ಇರಲಿಲ್ಲ. ಮೇಸ್ತ್ರಿ ಮೂರನೇ ಮಹಡಿಯ ಮುಚ್ಚಿದ ಬಾಗಿಲಿನ ಸಂದಿಗೆ ಬಾಯಿಟ್ಟು ಕೂಗಿದ.

"ಅತ್ತೆ, ನಾನು ಬಂದಿದೀನಿ!"

ಮೇಲಿನಿಂದ ಪ್ರಾರ್ಥನೆ ಗಕ್ಕನೆ ನಿಂತಿತು. "ಅಳಿಯಂದ್ರಾ? ನೋಡಿ, ಕರೆದ ತಕ್ಷಣ ದೇವರು ಕಳಿಸಿಬಿಟ್ಟ!"

"ನನ್ನ ಕಳಿಸಿದ್ದು ವಾಚ್‌ಮನ್."

"ವಾಚ್‌ಮನ್ನಿಗೆ ಬುದ್ಧಿ ಕೊಟ್ಟಿದ್ದು ಯಾರು?"

"ಅವನಿಗೆ ಬುದ್ಧಿ ಇದ್ದಿದ್ರೆ ಬೀಗದ ಕೈ ಜೇಬಲ್ಲಿ ಇಟ್ಕೊಂಡಿರ್ತಿದ್ದ. ಅದಿರ್ಲಿ, ನೀವು ಬಾಗಿಲು ಎಳೀಬೇಡಿ. ಗುಂಡಿಗಳನ್ನ ಒತ್ತಬೇಡಿ. ಕೆಳಗೆ ಕೂತ್ಕೊಳ್ಳಿ."

"ಎಲ್ಲಾ ಗುಂಡೀನೂ ಆಗ್ಲೇ ಒತ್ತಿ ನೋಡಿದೆ," ಎಂದರು ಅತ್ತೆ.

ಮೇಸ್ತ್ರಿ ಹಣೆ ಚಚ್ಚಿಕೊಂಡ. ಅಷ್ಟರಲ್ಲಿ ಅತ್ತೆಯ ದನಿ ಬದಲಾಯಿತು. "ಇಲ್ಲಿ ದೀಪ ಆರಿಹೋಯ್ತಲ್ಲಾ," ಎಂದರು. ಅಷ್ಟು ಸಣ್ಣ ದನಿ ಆ ಗಂಟಲಿನಲ್ಲಿ ಇದೆಯೆಂದೇ ಅವನಿಗೆ ಗೊತ್ತಿರಲಿಲ್ಲ.

"ಏನೂ ಆಗಲ್ಲ ಅತ್ತೆ. ಗಾಳಿ ಆಡುತ್ತೆ, ಹೆದರ್ಬೇಡಿ. ಮಾತಾಡ್ತಾ ಇರಿ. ಸುಮ್ಮನಾಗ್ಬೇಡಿ."

"ಏನಂತ ಮಾತಾಡ್ಲಿ?"

"ಏನಾದ್ರೂ ಸರಿ. ಬೇಕಾದ್ರೆ ನನ್ನ ಬೈಯಿರಿ."

ಅತ್ತೆ ಕೂತ ಸದ್ದು ಕೇಳಿಸಿತು. ಆಮೇಲೆ, "ಪ್ರಾರ್ಥನೆ ಮಾಡ್ಲಾ?"

ಮೇಸ್ತ್ರಿ ಹಲ್ಲು ಕಚ್ಚಿದ. "ಮಾಡಿ."

ವಾಚ್‌ಮನ್ ಬರುವವರೆಗೆ ಅವನು ಮೆಟ್ಟಿಲ ಮೇಲೆ ಕೂತು, ಸರ್ವಶಕ್ತನ ಗುಣಗಾನವನ್ನು ಆದಿಯಿಂದ ಅಂತ್ಯದವರೆಗೆ ಕೇಳಬೇಕಾಯಿತು. ದನಿ ಕುಗ್ಗಿದಾಗಲೆಲ್ಲ, "ಕೇಳಿಸ್ತಿದೆ, ಮುಂದುವರಿಸಿ," ಎಂದು ತಾನೇ ಹುರಿದುಂಬಿಸಬೇಕಾಯಿತು. ಇಂಥ ಗತಿ ಶತ್ರುವಿಗೂ ಬೇಡ ಅನ್ನಿಸಿತು. ಕೊನೆಗೆ ವಾಚ್‌ಮನ್ ಬೆವರಿಳಿಸುತ್ತಾ ತಂದ ಬೀಗದ ಕೈ ನೀರಿನ ಪಂಪಿನ ಕೋಣೆಯದು. ಮೇಸ್ತ್ರಿ ಸುತ್ತಿಗೆ ಎತ್ತಿಕೊಂಡು ಮೇಲೆ ಹತ್ತಿದ, ಬೀಗ ಒಡೆದ, ಮೇನ್ ಸ್ವಿಚ್ ಆರಿಸಿದ. ವಾಚ್‌ಮನ್‌ನಿಂದ ಬ್ರೇಕಿನ ಸನ್ನೆಗೋಲು ಹಿಡಿಸಿ, ಭುಜ ಕಿತ್ತುಹೋಗುವ ಹಾಗೆ ಚಕ್ರ ತಿರುಗಿಸಿ ಲಿಫ್ಟನ್ನು ಮೂರನೇ ಮಹಡಿಗೆ ತಂದ. ಮತ್ತೆ ಕೆಳಗೆ ಓಡಿ ಬಾಗಿಲು ತೆರೆದ.

ಕೆದರಿದ ಕೂದಲು, ಬೆವೆತ ಮುಖ. ಅತ್ತೆ ಅವನ ಭುಜ ಹಿಡಿದುಕೊಂಡೇ ಹೊರಗೆ ಬಂದರು. ನೆಟ್ಟಗೆ ನಿಂತರು. ಆಮೇಲೆ ಮುಖ ಮೇಲೆತ್ತಿ, "ದೇವರೇ, ನೀನು ದೊಡ್ಡವನು!" ಎಂದರು.

ಮೇಸ್ತ್ರಿ ಸ್ಪ್ಯಾನರನ್ನು ನೆಲಕ್ಕೆ ಕುಕ್ಕಿದ. "ಸರಿ! ಮುಂದಿನ ಸಲ ಅವನೇ ಬಂದು ಚಕ್ರ ತಿರುಗಿಸ್ಲಿ!"

ಆ ರಾತ್ರಿ ಊಟಕ್ಕೆ ಕೂತಾಗ ಹೆಂಡತಿಯೇ ಬಾಯಿಬಿಟ್ಟಳು.

"ರೀ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ದೇವರಿಗೆ ಹೊಗಳಿಕೆ ಬೇಡ ಅಂತ ನೀವು ಕೂಗಾಡೋದಲ್ಲ. ಅದು ನಿಮಗೆ ಬರ್ಲಿಲ್ಲ ಅಂತ ಕೂಗಾಡೋದು."

"ಹೌದು, ನನಗೆ ಬೇಕು!" ಎಂದ ಮೇಸ್ತ್ರಿ. "ನಾನು ಮನುಷ್ಯ. ಭುಜ ನೋಯುತ್ತೆ, ಹೊಟ್ಟೆ ಉರಿಯುತ್ತೆ. ಒಂದು ಒಳ್ಳೆ ಮಾತು ಬೇಕು ಅನ್ಸುತ್ತೆ. ಯಾವುದರಲ್ಲೂ ಕೊರತೆ ಇಲ್ಲದವನಿಗೆ ಯಾಕೆ ಬೇಕು ಅಂತ ನಾನು ಕೇಳ್ತಿರೋದು."

ಹೊಸ ಹಲ್ಲಿನಲ್ಲಿ ನಿಧಾನವಾಗಿ ಅಗಿಯುತ್ತಿದ್ದ ಅತ್ತೆ ತಲೆಯೆತ್ತಿದರು. "ಅಳಿಯಂದ್ರೇ, ಕತ್ತಲಲ್ಲಿ ನನಗೆ ಮಾತಾಡ್ತಾ ಇರಿ ಅಂದ್ರಲ್ಲ. ನಾನು ಮಾತಾಡಿದ್ರಿಂದ ಲಿಫ್ಟು ಇಳೀತಾ?"

"ಇಲ್ಲ."

"ನಿಮಗೇನಾದ್ರೂ ಲಾಭ ಆಯ್ತಾ?"

"ತಲೆನೋವು ಬಂತು."

"ಮತ್ತೆ ಯಾಕೆ ಹೇಳಿದ್ರಿ?"

"ನಿಮಗೆ ಗಾಬರಿ ಆಗದಿರ್ಲಿ ಅಂತ."

"ಹೂಂ. ಅವನೂ ಅದಕ್ಕೇ ಹೇಳೋದು," ಎಂದು ಅತ್ತೆ ಇನ್ನೊಂದು ತುತ್ತು ಬಾಯಿಗಿಟ್ಟರು. ಹೆಂಡತಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ಕೈ ತೊಳೆಯಲು ಎದ್ದ ಮೇಸ್ತ್ರಿ ಅರ್ಧಕ್ಕೇ ತಿರುಗಿ ಬಂದ. "ತಡೀರಿ ಅತ್ತೆ. ನಾನು ಮಾತಾಡಿ ಅಂದೆ, ನಿಜ. ನನ್ನ ಹೊಗಳಿ ಅಂದ್ನಾ? ಹೊಗಳದಿದ್ರೆ ಬಾಗಿಲು ತೆಗಿಯಲ್ಲ ಅಂದ್ನಾ? ನಿಮ್ಮ ಹಿರಿಯರು ಹೇಳೋದು ಅದೇ ಅಲ್ವಾ? ನೀವು ಬೈದಿದ್ರೂ ನಾನು ಬಾಗಿಲು ತೆಗೀತಿದ್ದೆ. ಅವನು ನನಗಿಂತ ಕಡೆಯಾ?"

ಅತ್ತೆಯ ಕೈ ತಟ್ಟೆಯ ಮೇಲೇ ನಿಂತಿತು. "ಹಿರಿಯರನ್ನೇ ಕೇಳ್ಕೊಂಡು ಬರ್ತೀನಿ," ಎಂದರು.

ಆ ವಾರ ಪ್ರಾರ್ಥನಾ ಮಂದಿರದಲ್ಲಿ, ತುಂಬಿದ ಸಭೆಯ ನಡುವೆ, ಅತ್ತೆ ಎದ್ದುನಿಂತು ಟ್ರಂಕ್ ಕಾಲಿನ ದನಿಯಲ್ಲಿ ಆ ಪ್ರಶ್ನೆಯನ್ನು ಕೇಳಿಯೇಬಿಟ್ಟರು. ಹಿರಿಯರ ಮುಖ ಕೆಂಪೇರಿತು. ಇದು ನಿಮ್ಮ ಪ್ರಶ್ನೆಯಲ್ಲ, ಯಾರೋ ತಲೆಗೆ ತುಂಬಿದ್ದು, ಇಷ್ಟು ವರ್ಷ ನನ್ನ ಉಪದೇಶ ಕೇಳಿದವರು ಹೀಗಾ ಮಾತಾಡೋದು ಎಂದು ಗದರಿ, ಮುಂದಿನ ಸಾಲು ಬಿಟ್ಟು ಹಿಂದಿನ ಬೆಂಚಿಗೆ ಹೋಗಲು ಹೇಳಿದರು. ಅತ್ತೆ ಬೆಂಚಿಗೆ ಹೋಗಲಿಲ್ಲ. ಸೀದಾ ಮನೆಗೆ ಬಂದರು.

"ದೇವರಿಗೆ ಹೊಗಳಿಕೆ ಬೇಕೋ ಬೇಡ್ವೋ, ನನಗಿನ್ನೂ ಗೊತ್ತಾಗ್ಲಿಲ್ಲ," ಎಂದು ಚಪ್ಪಲಿ ಬಿಸಾಡಿದರು. "ಆ ಮನುಷ್ಯನಿಗಂತೂ ಬೇಕು."

ಮೇಸ್ತ್ರಿಗೆ ಒಳಗೊಳಗೇ ಹಿಗ್ಗು. ಇನ್ನು ಬೆಳಗಿನ ನಿದ್ದೆ ತನ್ನದೇ ಎಂದುಕೊಂಡ. ಆದರೆ ಮರುದಿನವೂ ಬೆಳಕು ಹರಿಯುವ ಮೊದಲೇ ಅದೇ ಗಂಟಲು ಎದ್ದಿತು. ಒಂದೇ ವ್ಯತ್ಯಾಸ. ಈಗ ಹೊಗಳಿಕೆಗಿಂತ ಜಗಳ ಹೆಚ್ಚು. "ಅಳಿಯಂದ್ರು ಕೇಳಿದ್ದಕ್ಕೆ ನೀನೇ ಉತ್ತರ ಹೇಳು, ನನಗೆ ಸಾಕಾಗಿದೆ," ಎಂದು ಗೋಡೆಯಾಚೆಯಿಂದ ಕೇಳಿಸಿದಾಗ ಮೇಸ್ತ್ರಿ ದಿಂಬನ್ನು ಎಸೆದು ಎದ್ದು ಕೂತ.

ಅಷ್ಟಕ್ಕೇ ಮುಗಿಯಲಿಲ್ಲ. ಯಾರೋ ಹೇಳಿದರೆಂದು ಅತ್ತೆ ಊರಾಚೆಯ ಇನ್ನೊಂದು ಮಂದಿರವನ್ನು ಹುಡುಕಿಕೊಂಡರು. ಅಲ್ಲಿಗೆ ನೇರ ಬಸ್ಸಿಲ್ಲ.

"ಹತ್ತಿರ ಇದ್ದಿದ್ದನ್ನ ಕೆಡಿಸಿದ್ದು ನೀವು. ಕರ್ಕೊಂಡು ಹೋಗ್ಬೇಕಾದವರೂ ನೀವೇ," ಎಂದರು.

ಹೆಂಡತಿಯ ಕಡೆ ನೋಡಿದ. ಅವಳು ಆಗಲೇ ಹೆಲ್ಮೆಟ್ ತಂದು ಮೇಜಿನ ಮೇಲಿಟ್ಟಿದ್ದಳು.

ಅಂದಿನಿಂದ ವಾರದ ರಜೆಯೆಲ್ಲ ಸ್ಕೂಟರಿಗೆ ಅರ್ಪಣೆ. ಒಳಗೆ ಪ್ರಾರ್ಥನೆ ನಡೆಯುವಷ್ಟು ಹೊತ್ತು ಮೇಸ್ತ್ರಿ ಹೊರಗಿನ ಕಟ್ಟೆಯ ಮೇಲೆ ಮುಖ ಊದಿಸಿಕೊಂಡು ಕೂರುತ್ತಿದ್ದ. ಅಲ್ಲಿ ಗಿಡಗಳಿಗೆ ನೀರು ಬಿಡುವ ತೋಟಗಾರನೊಬ್ಬನಿದ್ದ. ಒಂದು ದಿನ ಅವನು ಪೈಪು ಹಿಡಿದೇ, "ಒಳಗೆ ಹೋಗಲ್ವಾ ಯಜಮಾನ್ರೇ?" ಎಂದ.

"ಹೋಗ್ತೀನಿ, ಮೊದಲು ಒಂದು ವಿಷಯ ಇತ್ಯರ್ಥ ಆಗ್ಲಿ," ಎಂದು ಮೇಸ್ತ್ರಿ ತನ್ನ ಪ್ರಶ್ನೆ ಹೇಳಿದ.

ತೋಟಗಾರ ನಲ್ಲಿ ನಿಲ್ಲಿಸಿ ಬಂದು ಪಕ್ಕದಲ್ಲಿ ಕೂತ. "ನನಗೂ ಅದೇ ಅನುಮಾನ. ಆದ್ರೆ ನೀವು ಹೇಳಿದ್ರಲ್ಲಿ ಒಂದು ತಪ್ಪಿದೆ."

"ಏನು ತಪ್ಪು?" ಎಂದು ಮೇಸ್ತ್ರಿ ತೋಳು ಮಡಿಸಿದ.

ಇಬ್ಬರೂ ಎಷ್ಟು ಹೊತ್ತು ವಾದ ಮಾಡಿದರೋ, ಒಳಗೆ ಪ್ರಾರ್ಥನೆ ಮುಗಿದಿದ್ದೂ ಜನ ಚದುರಿದ್ದೂ ಗೊತ್ತಾಗಲಿಲ್ಲ. ಗೇಟಿನ ಹತ್ತಿರ ಅತ್ತೆ ಸ್ಕೂಟರಿನ ಪಕ್ಕ ನಿಂತು, ಹಾರ್ನ್ ಒತ್ತಿ ಹಿಡಿದಿದ್ದರು.