ನಲವತ್ತಮೂರು ಮಣ್ಣಿನ ಮಾಳಿಗೆಗಳು

ನನ್ನ ದಿನಚರಿ ಪುಸ್ತಕದ ಕೊನೆಯ ಪುಟದಲ್ಲಿ ಬರೀ ಗೆರೆಗಳಿವೆ. ನಾಲ್ಕು ನಿಂತ ಗೆರೆ, ಐದನೆಯದು ಅಡ್ಡ. 'ಅದು ನಿನ್ನ ಕೆಲಸ ಅಲ್ಲ' ಎಂದು ಯಾರಾದರೂ ಬಾಯಿಬಿಟ್ಟು ಹೇಳಿದರೆ ಒಂದು ಗೆರೆ. ಮುಖದಲ್ಲಿ ತೋರಿಸಿದರೆ ಲೆಕ್ಕಕ್ಕಿಲ್ಲ. ಕೆಲಸಕ್ಕೆ ಸೇರಿದ ಮೊದಲ ಸೋಮವಾರವೇ ಎರಡು ಬಿದ್ದವು. ಒಂದು ಸಾಹೇಬರದು, ಇನ್ನೊಂದು ಶಹಾಪುರದ ಮನೆಗೆ ಬಂದಮೇಲೆ ಅವ್ವನದು.

ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿ, ಯಾದಗಿರಿಯಲ್ಲಿ ಪಟ್ಟಣಗಳ ನಕ್ಷೆ ಮಾಡುವ ಕಚೇರಿಯೊಂದಕ್ಕೆ ಗುತ್ತಿಗೆಯ ಮೇಲೆ ಸೇರಿದ್ದೆ. ಎಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಖಾಲಿ ಎಂದು ಸ್ಥಳಕ್ಕೆ ಹೋಗಿ ನೋಡಿ ನಕ್ಷೆಗೆ ಬಣ್ಣ ತುಂಬುವ ಕೆಲಸ. ಮನೆಗೆ ಹಳದಿ, ಅಂಗಡಿಗೆ ನೀಲಿ, ಖಾಲಿ ಜಾಗಕ್ಕೆ ಏನೂ ಇಲ್ಲ, ಬಿಳಿ.

"ನೋಡಮ್ಮಾ, ಹೆಣ್ಮಕ್ಕಳು ಬಿಸಲಾಗ ಯಾಕ ತಿರಗ್ತೀರಿ? ಸ್ಥಳಕ್ಕ ಹೋಗೋದು ನಿನ್ನ ಕೆಲಸ ಅಲ್ಲ. ಕಂಪ್ಯೂಟರ್ ಮುಂದ ಕುಂದ್ರು, ಫ್ಯಾನ್ ಅದ" ಅಂದಿದ್ದರು ಸಾಹೇಬರು.

ಎಂಟು ತಿಂಗಳು ಫ್ಯಾನಿನ ಕೆಳಗೆ ಕೂತು ಬೇರೆಯವರು ನೋಡಿ ಬಂದದ್ದಕ್ಕೆ ಬಣ್ಣ ತುಂಬಿದೆ. ಸ್ಥಳಕ್ಕೆ ಕಳಿಸಿ ಎಂದು ಏಳು ಅರ್ಜಿ ಕೊಟ್ಟೆ, ಏಳಕ್ಕೂ ಉತ್ತರವಿಲ್ಲ. ಅಷ್ಟರಲ್ಲಿ ಸ್ಥಳಕ್ಕೆ ಹೋಗುತ್ತಿದ್ದ ಹುಡುಗ ಬೇರೆ ಕೆಲಸ ಸಿಕ್ಕು ಹೊರಟುಹೋದ. ಎಂಟನೆಯ ಅರ್ಜಿಗೆ ಸಾಹೇಬರು ಸಹಿ ಹಾಕಿದ್ದು ನನ್ನನ್ನು ಒಪ್ಪಿ ಅಲ್ಲ, ಬೇರೆ ಗತಿ ಇಲ್ಲದೆ.

ಜೊತೆಗೆ ಕೊಟ್ಟಿದ್ದು ಒಬ್ಬ ಚಾಚಾನನ್ನು. ಸುರಪುರದವರು, ದಿನಗೂಲಿ, ಇಪ್ಪತ್ತು ವರ್ಷದಿಂದ ಅಳತೆ ಟೇಪಿನ ಇನ್ನೊಂದು ತುದಿ ಹಿಡಿಯುತ್ತಿದ್ದವರು. ಕಾಲೇಜು ಕಲಿಸದ್ದನ್ನು ಮೊದಲ ದಿನವೇ ಕಲಿಸಿದರು. "ಬೇಟಿ, ಟೇಪು ಬಿಗೀ ಎಳದು ಹಿಡಿ. ಜೋತು ಬಿತ್ತಂದ್ರ ಸಣ್ಣ ಮನಿ ದೊಡ್ಡದಾಗ್ತದ. ಆಮ್ಯಾಲ ಮನಿಯಾಂವ ಖುಷಿ, ಬಾಜೂದಾಂವ ಬಡಿಗಿ ತಗೊಂಡು ಬರ್ತಾನ."

ಸುರಪುರದ ಅಂಚಿನ ಒಂದು ಓಣಿಗೆ ನಾವು ಹೋದದ್ದು ಶ್ರಾವಣದ ಒಂದು ಮಂಗಳವಾರ. ಕೈಯಲ್ಲಿ ಕರಡು ನಕ್ಷೆಯ ಹಾಳೆ. ಉಪಗ್ರಹದ ಚಿತ್ರ ನೋಡಿ ಎಲ್ಲೋ ದೂರದ ಕಂಪನಿಯೊಂದು ಬರೆದುಕೊಟ್ಟ ಹಾಳೆ ಅದು. ನಾನು ಪ್ರತಿಯೊಂದನ್ನೂ ಕಣ್ಣಾರೆ ನೋಡಿ, ಕೆಳಗೆ 'ಸ್ಥಳ ಪರಿಶೀಲಿಸಿದೆ' ಎಂಬಲ್ಲಿ ಸಹಿ ಹಾಕಬೇಕು.

ಹಾಳೆಯಲ್ಲಿ ಆ ಓಣಿ ಬಿಳಿ. 'ಖಾಲಿ ಜಾಗ, ಅಲ್ಲಲ್ಲಿ ಪೊದೆ' ಎಂದು ಬರೆದಿತ್ತು. ಅದರ ಮೇಲೆ ಓರೆ ಗೆರೆ ಎಳೆದು 'ಲಾರಿ ನಿಲ್ದಾಣಕ್ಕೆ ಸೂಕ್ತ' ಎಂದೂ ಇತ್ತು. ನಾವು ನಿಂತದ್ದೋ ಮನೆಗಳ ಸಾಲಿನ ನಟ್ಟನಡುವೆ. ಒಂದು ಕಟ್ಟೆಯ ಮೇಲೆ ರೊಟ್ಟಿ ಬಡಿಯುವ ಸದ್ದು, ಇನ್ನೊಂದರ ಮುಂದೆ ಬೈಕು.

ಕಾರಣ ಹೊಳೆಯಲು ಒಂದು ಏಣಿ ಬೇಕಾಯಿತು. ಹತ್ತಿ ನೋಡಿದರೆ ಓಣಿಯ ಎಲ್ಲ ಮನೆಗಳದೂ ಮಣ್ಣಿನ ಮಾಳಿಗೆ, ಮಣ್ಣು ತುಳಿದು ಗಟ್ಟಿ ಮಾಡಿದ ಚಪ್ಪಟೆ ಚಾವಣಿ. ನೆಲಕ್ಕೂ ಮಾಳಿಗೆಗೂ ಒಂದೇ ಬಣ್ಣ. ಸಿಮೆಂಟು, ತಗಡು ಮಾತ್ರ ನೋಡಿದ ಕಣ್ಣಿಗೆ ಅದು ಬಯಲು. ಒಳಗೆ ಬೆಳಕು ಬರಲೆಂದು ಮಾಳಿಗೆಗೆ ಬಿಟ್ಟಿದ್ದ ಬೆಳಕಿಂಡಿಗಳು ಮೇಲಿನಿಂದ ಕಪ್ಪು ಚುಕ್ಕಿ. ಕಂಪನಿಯವರು ಅವನ್ನು ಪೊದೆ ಎಂದು ಬರೆದಿದ್ದರು.

ಚಾಚಾ ಹಾಳೆಯನ್ನು ತಿರುಗಿಸಿ ಹಿಡಿದು ಒಂದು ಚುಕ್ಕಿಯ ಮೇಲೆ ಬೆರಳಿಟ್ಟರು. ಆ ಓಣಿಯಲ್ಲಿ ಅವರ ಮನೆಯೂ ಇದೆ. "ಇದು ನಮ್ಮ ಅಡಿಗಿ ಮನಿ ಬೇಟಿ. ನಮ್ಮಾಕಿ ಮೂವತ್ತು ವರ್ಷದಿಂದ ಪೊದಿಯೊಳಗ ಸಾರು ಮಾಡಾಕತ್ತಾಳ, ನನಗ ಗೊತ್ತೇ ಇಲ್ಲ ನೋಡು."

ನಗು ಬಂತು. ಆಮೇಲೆ ನಿಂತಿತು. ಸಹಿ ಹಾಕಿದರೆ ನಕ್ಷೆಯಲ್ಲಿ ಈ ಓಣಿ ಇಲ್ಲ. ಹಾಕದಿದ್ದರೆ ಎರಡು ತಿಂಗಳಲ್ಲಿ ಮುಗಿಯುವ ನನ್ನ ಗುತ್ತಿಗೆ ಇಲ್ಲ. ಅಂದಿನ ಪುಟದಲ್ಲಿ ಇಷ್ಟೇ ಬರೆದಿದ್ದೇನೆ: 'ಸಹಿ ಹಾಕಿಲ್ಲ.'

ಮರುದಿನ ಸಾಹೇಬರ ಮುಂದೆ ಹಾಳೆ ಇಟ್ಟೆ.

"ಫೋಟೊದಾಗ ಮನಿ ಕಾಣವಲ್ದಲ್ಲ."

"ಫೋಟೊದಾಗ ನೀವೂ ಕಾಣಂಗಿಲ್ರಿ ಸರ್. ಹಂಗಂತ ಈ ಕುರ್ಚಿ ಖಾಲಿ ಅದ ಅಂತ ಬರೀಲೇನ್ರಿ?"

ಪಕ್ಕದ ಮೇಜಿನಲ್ಲಿ ಯಾರೋ ಕೆಮ್ಮಿದರು. ಸಾಹೇಬರು ಕೆಮ್ಮಲಿಲ್ಲ. "ಟೇಪು ಹಿಡಿಯೋ ಮುದುಕಂದು ಅಲ್ಲೇ ಮನಿ ಅದ, ನಿನ್ನ ಕಿವಿ ಊದ್ಯಾನ. ಕಂಪನಿ ತಪ್ಪು ತಿದ್ದೋದು ನಿನ್ನ ಕೆಲಸ ಅಲ್ಲ. ಸಹಿ ಹಾಕು." ಒಂದು ಗೆರೆ.

ಮನೆಗಳನ್ನು ಅಳೆಯಲು ಕಚೇರಿಯ ದಿನ ಕೊಡಲಿಲ್ಲ, ಭಾನುವಾರ ನನ್ನದು. ಐದು ಭಾನುವಾರ ಶಹಾಪುರದಿಂದ ಮೊದಲ ಬಸ್ಸು ಹಿಡಿದೆ. ಟೇಪಿನ ಇನ್ನೊಂದು ತುದಿಗೆ ಚಾಚಾ. ಆರು ಮನೆ, ಒಂಬತ್ತು, ಹನ್ನೊಂದು, ಹತ್ತು, ಏಳು. ಒಟ್ಟು ನಲವತ್ತಮೂರು. ಉದ್ದ, ಅಗಲ, ಬಾಗಿಲು ಯಾವ ದಿಕ್ಕಿಗೆ, ಎಷ್ಟು ಜನ.

ಮೊದಲ ಮನೆಯಲ್ಲಿ ಒಬ್ಬ ಅಜ್ಜಿ ಹೊಸ್ತಿಲಿಗೆ ಅಡ್ಡ ಕೂತಿದ್ದಳು. ಓಣಿಗೆಲ್ಲ ಹಿರಿಯಳು, ಎಲ್ಲರೂ ಆಯಿ ಅನ್ನುತ್ತಿದ್ದರು.

"ಮೀಟರ್ ನೋಡಾಕ ಬಂದಿಯೇನ ತಂಗಿ?"

"ಇಲ್ರಿ ಆಯಿ, ಮನಿ ಅಳಿಯಾಕ."

"ಅಳದು? ಕುಬಸ ಹೊಲಿತಿಯೇನು ಮನಿಗಿ?"

ಹಾಳೆ ತೋರಿಸಿ ವಿಷಯ ಹೇಳಿದೆ. ಆಯಿ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದಳು. "ನನ್ನ ಗಂಡ ಈ ಮಾಳಿಗಿ ತುಳದು ತುಳದು ಕಾಲು ಸವಿಸಿದ. ಅದಕ ಬಯಲು ಅಂತಾರಂದ್ರ ಅವರ ಕಣ್ಣಾಗ ಮಣ್ಣು ಬೀಳ್ಲಿ" ಅಂದು, ಟೇಪು ಹಾಯಿಸಲು ಹೊಸ್ತಿಲು ಬಿಟ್ಟಳು.

ನಲವತ್ತಮೂರು ಅಳತೆಯ ಪಟ್ಟಿ ನೋಡಿ ಸಾಹೇಬರು ಹೇಳಿದ್ದು, "ಕೈಯಿಂದ ಬರದಿದ್ದು ಯಾರೂ ನಂಬಂಗಿಲ್ಲ. ಮ್ಯಾಲಿಂದ ಕಾಣ್ಬೇಕು. ಡ್ರೋನಿನಾಂವ ಶಹಾಪುರಕ್ಕ ಬರ್ತಾನ. ಒಂದು ಸಲ ಸುರಪುರಕ್ಕ ಕಳಸ್ತೇನಿ, ದಿನ ನೀನೇ ಹೇಳು. ಕಾಣ್ಲಿಲ್ಲಂದ್ರ ಬಾಯಿ ಮುಚ್ಚಿ ಸಹಿ ಹಾಕ್ಬೇಕು."

"ಹಾಕ್ತೇನ್ರಿ" ಅಂದುಬಿಟ್ಟೆ. ಮೆಟ್ಟಿಲಿಳಿಯುವಾಗ ನನ್ನ ತಪ್ಪು ತಿಳಿಯಿತು. ಉಪಗ್ರಹಕ್ಕೆ ಮಣ್ಣಾಗಿ ಕಂಡದ್ದು ಡ್ರೋನಿಗೂ ಮಣ್ಣೇ. ಸಾಹೇಬರಿಗೂ ಅದು ಗೊತ್ತಿತ್ತು.

ಓಣಿಗೆ ಹೋಗಿ ಒಪ್ಪಿಕೊಂಡೆ. ಆಯಿ ಬೈಯಲಿಲ್ಲ. ಮಹಾನವಮಿಗೆ ಎಷ್ಟು ದಿನ ಉಳಿದಿದೆ ಎಂದು ಬೆರಳಿನಲ್ಲಿ ಎಣಿಸಿದಳು.

"ಗುರುವಾರ ಕರಿ ಅವನ್ನ. ಗುರುವಾರ ನಮ್ಮ ಓಣಿ ಕೌದಿ ಒಗಿತದ."

ಹಬ್ಬಕ್ಕೆ ಮುಂಚೆ ಮನೆಯ ಹಾಸಿಗೆ ಹೊದಿಕೆಯೆಲ್ಲ ಒಗೆಯುವುದು ನಮ್ಮಲ್ಲಿ ಎಲ್ಲ ಕಡೆ ಇದೆ. ಈ ಓಣಿಯವರು ಒಂದೇ ಟ್ರ್ಯಾಕ್ಟರ್ ಹೇಳಿ, ಹಳೇ ಬಟ್ಟೆ ಸೇರಿಸಿ ಹೊಲಿದ ಎಲ್ಲರ ಕೌದಿ ಒಟ್ಟಿಗೆ ಕಾಲುವೆಗೆ ಒಯ್ದು ಒಗೆದು, ಮಧ್ಯಾಹ್ನ ಮಾಳಿಗೆಗಳ ಮೇಲೆ ಹರವುತ್ತಾರೆ. "ಹಬ್ಬ ನಮ್ದಲ್ಲ, ಆದ್ರ ಟ್ರ್ಯಾಕ್ಟರ್ ಎಲ್ಲಾರ್ದು. ನಮ್ಮಾಕಿನೂ ಹಾಕ್ತಾಳ" ಅಂದರು ಚಾಚಾ.

ಗುರುವಾರ ಮೂರು ಗಂಟೆಗೆ ಡ್ರೋನು ಏರಿತು. ನಾನು ಅದನ್ನು ಹಾರಿಸುವವನ ಹಿಂದೆ ನಿಂತು ಪರದೆ ನೋಡಿದೆ. ಕೆಂಪು, ಹಸಿರು, ಹಳೇ ಇಳಕಲ್ ಸೀರೆಯ ಅಂಚು, ಧೋತರದ ಬಿಳಿ. ಚೀಲ ಹಾಸಿ ಅದರ ಮೇಲೆ ಹರವಿದ ಕೌದಿಗಳು ಒಂದೊಂದು ಮಾಳಿಗೆಯನ್ನೂ ಚೌಕ ಚೌಕವಾಗಿ ಬಿಡಿಸಿ ತೋರಿಸುತ್ತಿದ್ದವು. ಕೆಳಗೆ ಆಯಿ ಡ್ರೋನಿನತ್ತ ಕೋಲೆತ್ತಿ ಕೂಗಿದಳು: "ಈಗ ಕಂಡ್ತೇನಪಾ ನಿನಗ?"

ಮರುದಿನ ಕಚೇರಿಯಲ್ಲಿ ಸಾಹೇಬರು ಚಿತ್ರ ದೊಡ್ಡದು ಮಾಡಿ ನೋಡಿದರು. "ನೀನೇ ಹಾಕ್ಸೀದಿ."

"ಹಬ್ಬಕ್ಕ ಕೌದಿ ಒಗೀರಿ ಅಂತ ಹೇಳಾಕ ನಾ ಯಾರ್ರಿ ಸರ್? ನೀವು ದಿನ ಹೇಳು ಅಂದ್ರಿ, ಹೇಳೀನಿ."

ಅವರು ಪೆನ್ಸಿಲ್ ಹಿಡಿದು ಎಣಿಸಿದರು. ಎರಡು ಸಲ. "ನಲವತ್ತೊಂದು ಅದಾವ. ನಿನ್ನ ಪಟ್ಟ್ಯಾಗ ನಲವತ್ತಮೂರು. ಆತು ಬಿಡು, ನಲವತ್ತೊಂದು ಹಳದಿ ಮಾಡು, ಎರಡು ಬಿಡು. ಇಬ್ಬರದೂ ಮಾತು ಉಳೀತದ."

ಅದೇ ನಿಮಿಷ ಸುಮ್ಮನಿದ್ದರೆ ಎಲ್ಲ ಸರಿಹೋಗುತ್ತಿತ್ತು. ಗುತ್ತಿಗೆಯೂ ಹನ್ನೊಂದು ತಿಂಗಳು ಮುಂದುವರಿಯುತ್ತಿತ್ತು. ಆದರೆ ಆ ಎರಡು ಮನೆ ನನಗೆ ಗೊತ್ತು. ಹದಿನೇಳನೆಯದರಲ್ಲಿ ಹೋದ ತಿಂಗಳು ಸಾವಾಗಿತ್ತು, ಅವರಿಗೆ ಈ ವರ್ಷ ಹಬ್ಬವಿಲ್ಲ, ಕೌದಿ ಒಗೆದಿರಲಿಲ್ಲ. ಇನ್ನೊಂದು, ಮೊದಲನೆಯದು, ಆಯಿಯದೇ. ಒಂಟಿ ಮುದುಕಿ, ಇರುವುದು ಒಂದೇ ಕೌದಿ. ಏಣಿ ಹತ್ತಲಾಗದೆ ಅದನ್ನು ಕಟ್ಟೆಯ ಮೇಲೆ ಹರವಿ ಪಕ್ಕದಲ್ಲಿ ಕೂತಿದ್ದಳು.

"ಹಬ್ಬ ಇಲ್ಲದ ಮನಿ ಮನಿ ಅಲ್ಲೇನ್ರಿ?" ಅಂದೆ. "ನಲವತ್ತೊಂದಕ್ಕ ನಾ ಸಹಿ ಹಾಕಂಗಿಲ್ಲ. ಟೇಪು ಹಿಡದು ನೋಡೀನಿ. ಬೇಕಂದ್ರ ಬರ್ರಿ, ನೀವು ಒಂದು ತುದಿ ಹಿಡೀರಿ."

ಸಾಹೇಬರು ಬರಲಿಲ್ಲ. ನಾಲ್ಕು ದಿನ ಹಾಳೆ ಅವರ ಮೇಜಿನ ಮೇಲೆ ಹಾಗೇ ಇತ್ತು. ಐದನೆಯ ದಿನ ನನ್ನ ಮೇಜಿಗೆ ಬಂತು, ಮೂಲೆಯಲ್ಲಿ ಅವರ ಪೆನ್ಸಿಲ್ಲಿನಲ್ಲಿ '43'. ಹಳದಿ ತುಂಬಿದೆ. ಲಾರಿ ನಿಲ್ದಾಣದ ಓರೆ ಗೆರೆ ಅಳಿಸಿದೆ. ಎಲ್ಲಕ್ಕಿಂತ ಮೊದಲು ಆಯಿಯ ಮನೆಗೆ ಬಣ್ಣ ಹಾಕಿದೆ. 'ಸ್ಥಳ ಪರಿಶೀಲಿಸಿದೆ' ಎಂಬಲ್ಲಿ ಸಹಿ ಹಾಕಿದೆ, ಪೂರ್ತಿ ಹೆಸರು, ಓದಲು ಬರುವ ಹಾಗೆ.

ತಿಂಗಳ ಕೊನೆಗೆ ಗುತ್ತಿಗೆ ಮುಂದುವರಿಸಿದ ಪತ್ರ ಬಂತು. ಎಲ್ಲರಿಗೂ ಹನ್ನೊಂದು ತಿಂಗಳು, ನನಗೆ ಮೂರು. ಸಾಹೇಬರು ಪತ್ರ ಮೇಜಿನ ಮೇಲಿಟ್ಟು ಹೋದರು. ಬಾಯಿಬಿಟ್ಟು ಹೇಳದ್ದರಿಂದ ಕೊನೆಯ ಪುಟದಲ್ಲಿ ಗೆರೆ ಎಳೆಯಲಿಲ್ಲ. ನನ್ನ ನಿಯಮ ನನಗೂ ಅನ್ವಯಿಸುತ್ತದೆ.

ಕಂಪನಿ ಕಳಿಸಿದ ಉಳಿದ ಹಾಳೆಗಳಲ್ಲೂ ಬಿಳಿ ಜಾಗಗಳಿದ್ದವು, 'ಅಲ್ಲಲ್ಲಿ ಪೊದೆ'. ಅಂದಿನ ಪುಟದಲ್ಲಿ ಬರೆದದ್ದು ಒಂದೇ ಸಾಲು: ಮೂರು ತಿಂಗಳು ಅಂದರೆ ಹದಿಮೂರು ಭಾನುವಾರ.