ಪ್ರಧಾನಿಯ ಧೂಳು ಒರೆಸುವ ಐರೀನ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಲಂಡನ್ನಿನ ಅಂಚಿನ ಸ್ಟಾನ್‌ಮೋರ್‌ನ ಚರ್ಚಿನೊಳಗೆ ಹೊರಗಿಗಿಂತ ಹೆಚ್ಚು ಚಳಿ. ಸ್ವೆಟರಿನ ಮೇಲೆ ಏಪ್ರನ್ ಕಟ್ಟಿಕೊಂಡ ಐರೀನ್ ಕ್ವಾಡ್ರಸ್, ಮಲಗಿರುವ ಅಮೃತಶಿಲೆಯ ಮನುಷ್ಯನ ಮೇಲಿನ ಧೂಳನ್ನು ಮೆತ್ತನೆಯ ಬ್ರಶ್ಶಿನಿಂದ ತೆಗೆಯುತ್ತಿದ್ದಾರೆ. ಆತ ಲಾರ್ಡ್ ಅಬರ್ಡೀನ್, ನೂರೆಪ್ಪತ್ತು ವರ್ಷಗಳ ಹಿಂದೆ ಬ್ರಿಟನ್ನಿನ ಪ್ರಧಾನಿಯಾಗಿದ್ದವರು.

ಉಡುಪಿ ಕಡೆಯ ಶಿರ್ವದ ಐರೀನ್‌ಗೆ ಈಗ ಅರವತ್ತೊಂದು. ಇಲ್ಲಿ ಕ್ಲೀನಿಂಗ್ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರು ಈ ಮೂರ್ತಿಯನ್ನು ಮುಟ್ಟುತ್ತಲೇ ಇರಲಿಲ್ಲ. ಸುತ್ತಲಿನ ನೆಲ ಒರೆಸಿ ಮುಂದೆ ಹೋಗುತ್ತಿದ್ದರು.

ಕಾರಣ ಜೇಮ್ಸ್. ಐರೀನ್‌ರ ಗಂಡ ಎಜ್‌ವೇರ್ ಬಳಿಯ ವೃದ್ಧರ ಕೇರ್ ಹೋಮ್ ಒಂದರಲ್ಲಿ ಕೆಲಸಕ್ಕಿದ್ದರು. ಕೋವಿಡ್ ಬಂದ ವಸಂತದಲ್ಲಿ ಮಾಸ್ಕ್ ಕೇಳಿದರೆ ಅಲ್ಲಿನ ಮ್ಯಾನೇಜರ್ ‘ಸ್ಟಾಕ್ ಬಂದಿಲ್ಲ’ ಎಂದು ಹಾಗೆಯೇ ರೋಗಿಗಳ ಕೋಣೆಗೆ ಕಳಿಸಿದರು. ಈಸ್ಟರ್ ಕಳೆಯುವಷ್ಟರಲ್ಲಿ ಜೇಮ್ಸ್ ಇರಲಿಲ್ಲ.

"ನಮ್ಮವರನ್ನು ಬ್ಯಾಗಿಗೆ ಹಾಕಿ ಝಿಪ್ ಎಳೆದ್ರು. ಮುಖ ಸಹ ತೋರಿಸ್ಲಿಲ್ಲ," ಎನ್ನುತ್ತಾರೆ ಐರೀನ್. "ದೊಡ್ಡವರು ಸತ್ರೆ ಕಲ್ಲಿನ ಹಾಸಿಗೆ. ಅದನ್ನು ನಾನು ಯಾಕೆ ಒರೆಸ್ಬೇಕು ಹೇಳಿ?"

ಚರ್ಚಿನ ಉಸ್ತುವಾರಿ ನೋಡುವ ವೃದ್ಧೆ ಡೆಬೊರಾ ಧೂಳನ್ನು ಗಮನಿಸಿದರು. ಬೈಯಲಿಲ್ಲ. ಬೆಂಚಿನ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಆ ಮನುಷ್ಯನ ಕಥೆ ಹೇಳಿದರು. ಮೊದಲ ಹೆಂಡತಿಯನ್ನೂ, ಆಕೆಯಲ್ಲಿ ಹುಟ್ಟಿದ ಮೂವರು ಹೆಣ್ಣುಮಕ್ಕಳನ್ನೂ ಮಣ್ಣು ಮಾಡಿದವನು. ಯುದ್ಧ ಬೇಡವೆನ್ನುತ್ತಲೇ ಕ್ರಿಮಿಯಾದ ಯುದ್ಧಕ್ಕೆ ದೇಶವನ್ನು ಇಳಿಸಿದವನು. ಅಲ್ಲಿ ಗುಂಡಿಗಿಂತ ಕಾಲರಾ ಮತ್ತು ಚಳಿಗೇ ಹೆಚ್ಚು ಸೈನಿಕರು ಸತ್ತರು, ಆತನ ಪ್ರಧಾನಿ ಕುರ್ಚಿ ಹೋಯಿತು. ಮುಂದೆ ಸ್ಕಾಟ್ಲೆಂಡಿನ ತನ್ನ ಜಮೀನಿನಲ್ಲಿ ಹಳೆಯ ಚರ್ಚು ಶಿಥಿಲವಾದಾಗ, ಕಟ್ಟಿಸಿ ಎಂದು ಎಷ್ಟು ಕೇಳಿದರೂ ಒಪ್ಪಲಿಲ್ಲ. ಯುದ್ಧಗಳಲ್ಲಿ ರಕ್ತ ಹರಿಸಿದ ಬೈಬಲ್ಲಿನ ರಾಜ ದಾವೀದನಿಗೆ ದೇವರು ತನ್ನ ಆಲಯ ಕಟ್ಟಲು ಬಿಡಲಿಲ್ಲವಲ್ಲ, ತಾನೂ ಅಂಥವನೇ ಎಂಬ ಕೊರಗು. ಅದು ಮನೆಯವರಿಗೆ ಗೊತ್ತಾದದ್ದು ಆತ ಸತ್ತ ಮೇಲೆ.

ಮರುದಿನ ಐರೀನ್ ಬ್ರಶ್ ತಂದರು.

"ಪ್ರೀತಿ ಬಂತು ಅಂತ ಅಲ್ಲ. ಸತ್ತವರು ಸತ್ತೇ ಹೋದ್ರಲ್ಲ. ಆದ್ರೆ ತಪ್ಪು ನಂದು ಅಂತ ಅವನಿಗೆ ಅನಿಸಿತ್ತು. ಈಗ ಯಾರಿಗೆ ಅನಿಸ್ತದೆ?"

ಕೇರ್ ಹೋಮಿನವರು ಹೇಳಿದ್ದು ಒಂದೇ ಮಾತು: ಆಗಿನ ನಿಯಮ ಪಾಲಿಸಿದ್ದೇವೆ. ಐರೀನ್ ಖುದ್ದಾಗಿ ಹೋದಾಗ ಗೇಟಿನಿಂದಲೇ ಹಿಂದೆ ಕಳಿಸಿದರು. ಕೊಲಿಂಡೇಲ್‌ನಲ್ಲಿರುವ ಮಗಳು ಅನ್ನೆಟ್‌ಗೆ ಈ ಮಾತೇ ಬೇಡ. "ಮಮ್, ಪ್ಲೀಸ್, ಲೀವ್ ಇಟ್," ಎಂದು ಫೋನ್ ಇಡುತ್ತಾಳೆ.

ಕೆಲಸ ಮುಗಿದಿದೆ. ಮಂಡಿ ಹಿಡಿದುಕೊಂಡು ಮೆಲ್ಲಗೆ ಏಳುವ ಐರೀನ್‌ರನ್ನು, ನಿಮಗೇನು ಬೇಕು ಎಂದು ಕೇಳಿದರೆ ಏಪ್ರನ್ನಿನ ಗಂಟು ಬಿಚ್ಚುತ್ತಾ ಹೇಳುತ್ತಾರೆ.

"ಪರಿಹಾರ ಎಲ್ಲ ಬೇಡ. ಆ ಮ್ಯಾನೇಜರ್ ಒಮ್ಮೆ ನಮ್ಮ ಫ್ಲ್ಯಾಟಿಗೆ ಬಂದು, ಜೇಮ್ಸನ್ನು ಮಾಸ್ಕ್ ಇಲ್ಲದೆ ಒಳಗೆ ಕಳಿಸಿದ್ದು ನಾನೇ ಅಂತ ಹೇಳ್ಲಿ. ನಾನು ಬೈಯುವುದಿಲ್ಲ. ಕೂತ್ಕೊಳ್ಳಿ ಅಂತೇನೆ. ಚಾ ಮಾಡಿ ಕೊಡ್ತೇನೆ."